ಸೌಂದರ್ಯ ಪ್ರಸಾಧನ ವೃತ್ತಿಯಲ್ಲಿ ಪುರುಷರು: ಒಂದು ಚಾರಿತ್ರಿಕ ಅವಲೋಕನ

ಸೌಂದರ್ಯ ಪ್ರಸಾಧನವು ಸ್ತ್ರೀಯರ ಕ್ಷೇತ್ರ, ಅಲ್ಲಿ ಪುರುಷನು ಹೊರಗಿನವನು ಎಂಬ ಮಾತು ನಮ್ಮ ಕಾಲದಲ್ಲಿ ಹೆಚ್ಚು ಚರ್ಚೆಯಿಲ್ಲದೆ ಒಪ್ಪಿತವಾಗಿದೆ. ನಗರಗಳ ಬ್ಯೂಟಿ ಪಾರ್ಲರುಗಳಲ್ಲಿ ದುಡಿಯುವವರನ್ನೂ ಅಲ್ಲಿಗೆ ಬರುವ ಗಿರಾಕಿಗಳನ್ನೂ ನೋಡಿದರೆ ಈ ಮಾತು ನಿಜವೆಂದೇ ತೋರುತ್ತದೆ. ಆದರೆ ಇದೇ ಕ್ಷೇತ್ರದಲ್ಲಿ ಹೆಸರು, ಪ್ರಶಸ್ತಿ ಹಾಗೂ ಕಲಾವಿದರೆಂಬ ಮನ್ನಣೆಯನ್ನು ಪಡೆದವರತ್ತ ಕಣ್ಣು ಹಾಯಿಸಿದಾಗ ಚಿತ್ರ ಬದಲಾಗುತ್ತದೆ. ಅಲ್ಲಿ ಪುರುಷರು ವಿರಳವಲ್ಲ. ಕೆಲವು ಶಾಖೆಗಳಲ್ಲಿ ಬಹುಕಾಲ ಅವರೇ ಇದ್ದರು. ಈ ಎರಡು ಚಿತ್ರಗಳು ಒಟ್ಟಿಗೆ ಇರಲು ಹೇಗೆ ಸಾಧ್ಯವಾಯಿತು ಎಂಬುದು ಪ್ರಸ್ತುತ ಪ್ರಬಂಧದ ಪ್ರಶ್ನೆ. ಭಾರತದಲ್ಲಿ ಪುರುಷನು ಸ್ತ್ರೀಯ ರೂಪಸಜ್ಜಿಕೆಯ ವೃತ್ತಿಗೆ ಬಂದ ಮೂರು ಹಾದಿಗಳನ್ನು, ಅಂದರೆ ಕ್ಷೌರವೃತ್ತಿ, ರಂಗಭೂಮಿಯ ಸ್ತ್ರೀವೇಷ ಮತ್ತು ಚಲನಚಿತ್ರ ಇವುಗಳನ್ನು ಇಲ್ಲಿ ಕ್ರಮವಾಗಿ ಪರಿಶೀಲಿಸಲಾಗಿದೆ. ಈ ಮೂರರಲ್ಲಿಯೂ ಯಾರು ಯಾವ ಕೆಲಸ ಮಾಡಬಹುದೆಂಬುದನ್ನು ಕೌಶಲಕ್ಕಿಂತ ಹೆಚ್ಚಾಗಿ ಕಟ್ಟಳೆಯೇ ನಿರ್ಧರಿಸಿತು ಎಂಬುದು ಈ ಲೇಖನದ ನಿಲುವು.

‘ಪ್ರಸಾಧನ’ ಎಂಬ ಸಂಸ್ಕೃತ ಪದವು ಹಳಗನ್ನಡದಲ್ಲಿ ‘ಪಸದನ’ವಾಗಿ ಕಾವ್ಯಭಾಷೆಯನ್ನು ಸೇರಿದೆ. ಕೇಶವನ್ನು ಹೆಣೆಯುವುದು, ಅನುಲೇಪನ, ತಿಲಕರಚನೆ ಮೊದಲಾದ ಕೆಲಸಗಳು ಅಂತಃಪುರಕ್ಕೆ ಸೇರಿದವು. ಅವುಗಳನ್ನು ಮಾಡುವವಳು ಸೈರಂಧ್ರಿ. ವಿರಾಟನ ಅರಮನೆಯಲ್ಲಿ ದ್ರೌಪದಿಯು ಸುದೇಷ್ಣೆಯ ಬಳಿ ಸೇರುವುದು ಈ ಕೆಲಸಕ್ಕೇ. ಅದೇ ಅರಮನೆಯ ಹೆಂಗಸರ ನಡುವೆ ಅರ್ಜುನನು ಬದುಕಬೇಕಾದಾಗ ಅವನು ಬೃಹನ್ನಳೆಯಾಗಬೇಕಾಯಿತು. ಕುಮಾರವ್ಯಾಸನ ಮೂಲಕ ಕನ್ನಡಿಗರ ಮನಸ್ಸಿನಲ್ಲಿ ನೆಲೆನಿಂತಿರುವ ಈ ಕಥೆಯಲ್ಲಿ ಒಂದು ಸಾಮಾಜಿಕ ನಿಯಮವೂ ಅಡಗಿದೆ: ಸ್ತ್ರೀಯರ ಒಳಮನೆಗೆ ಪುರುಷನು ಪುರುಷನಾಗಿಯೇ ಹೋಗಲಾರ. ಆದರೆ ಧರ್ಮಶಾಸ್ತ್ರವು ಇನ್ನೊಂದು ಸಂಗತಿಯನ್ನೂ ಕಾಣಿಸುತ್ತದೆ. ಮನುಸ್ಮೃತಿಯ 10ನೆಯ ಅಧ್ಯಾಯವು ಸಂಕರಜಾತಿಗಳನ್ನು ಎಣಿಸುವಾಗ ಪ್ರಸಾಧನವನ್ನೂ ಪರಿಚರ್ಯೆಯನ್ನೂ ಬಲ್ಲ ಪುರುಷರ ಒಂದು ವರ್ಗವನ್ನು ಇದೇ ಹೆಸರಿನಿಂದ ಗುರುತಿಸುತ್ತದೆ. ಆ ವರ್ಗಕ್ಕೆ ಅದು ಕೊಡುವ ಸ್ಥಾನ ದಾಸ್ಯಕ್ಕೆ ತೀರ ಸಮೀಪದ್ದು. ಕೌಶಲವನ್ನು ಒಪ್ಪಿಕೊಂಡು ಕುಶಲಿಗನನ್ನು ಕೆಳಗಿಡುವ ಈ ಕ್ರಮವು ಮುಂದಿನ ಚರಿತ್ರೆಗೆಲ್ಲ ಒಂದು ಪೀಠಿಕೆಯಂತಿದೆ.

ಮೊದಲನೆಯ ಹಾದಿ ಕ್ಷೌರವೃತ್ತಿಯದು. ಕರ್ನಾಟಕದಲ್ಲಿ ನಾಯಿಂದ, ಹಡಪದ, ಭಂಡಾರಿ ಎಂಬ ಹೆಸರುಗಳಿಂದಲೂ ಇತ್ತೀಚೆಗೆ ಸವಿತಾ ಸಮಾಜವೆಂಬ ಹೆಸರಿನಿಂದಲೂ ಗುರುತಿಸಿಕೊಳ್ಳುವ ಸಮುದಾಯಗಳು ಈ ವೃತ್ತಿಯನ್ನು ಪರಂಪರೆಯಿಂದ ನಡೆಸಿಕೊಂಡು ಬಂದವು. ಗಂಡಸರ ಕ್ಷೌರ, ಮದುವೆ ಮತ್ತು ಸಾವಿನ ಸಂದರ್ಭಗಳ ಶಾಸ್ತ್ರಗಳು ಪುರುಷರ ಪಾಲಿಗೆ ಬಂದರೆ, ಹಲವೆಡೆ ಈ ಮನೆತನಗಳ ಹೆಂಗಸರು ಸೂಲಗಿತ್ತಿಯರಾಗಿದ್ದರು. ಇಂತಹ ವ್ಯವಸ್ಥೆಯಲ್ಲಿ ಪುರುಷ ಕ್ಷೌರಿಕನ ಕೈ ಮೇಲುಜಾತಿಯ ಸ್ತ್ರೀಯ ತಲೆಯನ್ನು ಮುಟ್ಟುತ್ತಿದ್ದ ಮುಖ್ಯ ಸಂದರ್ಭ ಅಲಂಕಾರದ್ದಾಗಿರಲಿಲ್ಲ. ಅದು ವಿಧವೆಯ ಕೇಶಮುಂಡನದ್ದಾಗಿತ್ತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯೂ ಅದನ್ನು ಆಧರಿಸಿ ಪ್ರೇಮಾ ಕಾರಂತರು ನಿರ್ದೇಶಿಸಿದ ಚಲನಚಿತ್ರವೂ (1983) ಈ ಪದ್ಧತಿಯ ಕ್ರೌರ್ಯವನ್ನು ಕನ್ನಡಿಗರಿಗೆ ಮನಗಾಣಿಸಿವೆ. ಸ್ತ್ರೀಯ ಚೆಲುವನ್ನು ಹೆಚ್ಚಿಸುವ ಕೆಲಸಕ್ಕೆ ಪರಪುರುಷನ ಸ್ಪರ್ಶ ನಿಷಿದ್ಧವೆಂದ ಸಮಾಜವೇ ಅದನ್ನು ಅಳಿಸುವ ಕೆಲಸಕ್ಕೆ ಅವನನ್ನು ಕರೆಯಿತು.

ಆ ಕೆಲಸವನ್ನು ಮಾಡಬೇಕಾದವನ ಮನಸ್ಸು ಏನೆನ್ನುತ್ತಿತ್ತು ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ಉತ್ತರ ದೊರೆಯುತ್ತದೆ. ಜೋತಿರಾವ್ ಫುಲೆಯವರ ಸತ್ಯಶೋಧಕ ಚಳವಳಿಯ ನಾಯಕರೂ ಕಾರ್ಮಿಕ ಸಂಘಟಕರೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರಯತ್ನದಿಂದ 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ನಿರ್ಧರಿಸಿದರು. ಸ್ತ್ರೀವಿಮೋಚನೆಯ ಇತಿಹಾಸದಲ್ಲಿ ಈ ಘಟನೆಗೆ ಸ್ಥಾನ ಸಿಕ್ಕಿದೆ. ಆದರೆ ಅದನ್ನು ವೃತ್ತಿಯ ಇತಿಹಾಸದ ದೃಷ್ಟಿಯಿಂದಲೂ ಓದಬೇಕು. ತನ್ನ ಕತ್ತಿಯು ಯಾವುದಕ್ಕೆ ಬಳಕೆಯಾಗಬೇಕು, ಯಾವುದಕ್ಕೆ ಬಳಕೆಯಾಗಬಾರದು ಎಂದು ಹೇಳುವ ಹಕ್ಕನ್ನು ಕ್ಷೌರಿಕನು ಅಲ್ಲಿ ತಾನೇ ವಹಿಸಿಕೊಂಡನು. ಸೇವಕನು ವೃತ್ತಿಪರನಾಗುವುದು ಇಂತಹ ಘಳಿಗೆಯಲ್ಲಿಯೇ.

ಇಪ್ಪತ್ತನೆಯ ಶತಮಾನದಲ್ಲಿ ಈ ಹಾದಿ ಸಲೂನಿನತ್ತ ತಿರುಗಿತು. ದೆಹಲಿಯ ಹಬೀಬ್ ಮನೆತನ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಜ್ಜ ನಜೀರ್ ಅಹಮದ್ ಅವರು ವೈಸ್‌ರಾಯರ ಮನೆಯ ಕ್ಷೌರಿಕರಾಗಿದ್ದರು. ಮಗ ಹಬೀಬ್ ಅಹಮದ್ ಸ್ವತಂತ್ರ ಭಾರತದ ರಾಷ್ಟ್ರಪತಿ ಭವನದಲ್ಲಿ ಅದೇ ವೃತ್ತಿಯನ್ನು ಮುಂದುವರಿಸಿದರು. ಮೊಮ್ಮಗ ಜಾವೇದ್ ಹಬೀಬ್ ಲಂಡನ್ನಿನಲ್ಲಿ ತರಬೇತಿ ಪಡೆದು ಸ್ತ್ರೀಪುರುಷರಿಬ್ಬರಿಗೂ ಸೇವೆ ನೀಡುವ ಸಲೂನುಗಳ ಸರಣಿಯನ್ನು ಕಟ್ಟಿದರು. ಮೂರು ತಲೆಮಾರುಗಳಲ್ಲಿ ಕೈಯ ಕೆಲಸ ಮೂಲತಃ ಒಂದೇ. ಬದಲಾದದ್ದು ಗಿರಾಕಿ, ಕೆಲಸದ ಸ್ಥಳ ಮತ್ತು ಕುಶಲಿಗನ ಹೆಸರು. ‘ಕ್ಷೌರಿಕ’ ಎಂಬ ಪದಕ್ಕೆ ಅಂಟಿದ್ದ ಜಾತಿಯ ಭಾರವನ್ನು ‘ಹೇರ್ ಸ್ಟೈಲಿಸ್ಟ್’ ಎಂಬ ಪದವು ಕಳಚಿಹಾಕಿತು. ಆ ಭಾರವನ್ನು ಇಳಿಸಿದ್ದು ಪ್ರಮಾಣಪತ್ರ ಮತ್ತು ಬಂಡವಾಳ ಎಂಬುದನ್ನೂ, ಇವೆರಡೂ ದಕ್ಕದ ಹಳ್ಳಿಯ ಕ್ಷೌರಿಕನಿಗೆ ಆ ಹೊಸ ಹೆಸರು ಸುಲಭವಾಗಿ ದಕ್ಕಲಿಲ್ಲವೆಂಬುದನ್ನೂ ಮರೆಯಲಾಗದು.

ಎರಡನೆಯ ಹಾದಿ ರಂಗಭೂಮಿಯದು. ಸ್ತ್ರೀಯರು ರಂಗವೇರುವುದು ಅಗೌರವವೆಂದು ಎಣಿಸಲಾಗುತ್ತಿದ್ದ ಕಾಲದಲ್ಲಿ ಸ್ತ್ರೀರೂಪವನ್ನು ಕಟ್ಟುವ ವಿದ್ಯೆಯನ್ನು ಪುರುಷರೇ ಕಲಿಯಬೇಕಾಯಿತು. ಕರಾವಳಿ ಮತ್ತು ಮಲೆನಾಡಿನ ಯಕ್ಷಗಾನ ಮೇಳಗಳಲ್ಲಿ ಕಲಾವಿದನು ಚೌಕಿಯಲ್ಲಿ ಕುಳಿತು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುವುದು ರೂಢಿ. ಕಣ್ಣಿನ ಕಾಡಿಗೆಯಿಂದ ಮುಡಿಯ ಹೂವಿನವರೆಗಿನ ಸಿಂಗಾರ ಸ್ತ್ರೀವೇಷಧಾರಿಯ ಕಲಿಕೆಯ ಭಾಗವೇ ಆಗಿತ್ತು. ಕೋಳ್ಯೂರು ರಾಮಚಂದ್ರ ರಾವ್, ಮಂಟಪ ಪ್ರಭಾಕರ ಉಪಾಧ್ಯ ಮೊದಲಾದವರು ಸ್ತ್ರೀವೇಷಗಳಿಂದಲೇ ಕೀರ್ತಿ ಪಡೆದರು. ವೃತ್ತಿನಾಟಕಗಳಲ್ಲಿಯೂ ಇದೇ ಸ್ಥಿತಿ ಇತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಕಟ್ಟಿದ ನಾಟಕ ಮಂಡಳಿಯಲ್ಲಿ ಬೆಳಕಿಗೆ ಬಂದ ಬಾಲಗಂಧರ್ವರ (1888–1967) ಸೀರೆಯ ಉಡುಗೆಯನ್ನೂ ಕೇಶಾಲಂಕಾರವನ್ನೂ ಮರಾಠಿ ಮನೆತನಗಳ ಹೆಣ್ಣುಮಕ್ಕಳು ಅನುಕರಿಸಿದರು. ಸ್ತ್ರೀಯ ಸೌಂದರ್ಯದ ಮಾದರಿಯನ್ನು ಪುರುಷನೊಬ್ಬನು ರೂಪಿಸಿ ಸ್ತ್ರೀಯರಿಗೆ ಮರಳಿ ಕೊಟ್ಟ ಈ ವಿದ್ಯಮಾನ ಪ್ರಸಾಧನದ ಚರಿತ್ರೆಯಲ್ಲಿ ವಿಶೇಷ ಗಮನಕ್ಕೆ ಅರ್ಹವಾದುದು. ಆದರೆ ಆ ಗೌರವ ನಟನಿಗೆ ಸಂದಿತೇ ಹೊರತು ಬಣ್ಣದ ಪೆಟ್ಟಿಗೆ ಹಿಡಿದ ಸಹಾಯಕನಿಗೆ ಸಲ್ಲಲಿಲ್ಲ.

ಮೂರನೆಯ ಹಾದಿಯಾದ ಚಲನಚಿತ್ರವು ಎರಡನೆಯದರಿಂದಲೇ ಕವಲೊಡೆಯಿತು. ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ (1913) ಚಿತ್ರದಲ್ಲಿ ತಾರಾಮತಿಯ ಪಾತ್ರ ವಹಿಸಿದವರು ಅಣ್ಣಾ ಸಾಳುಂಕೆ. ‘ಲಂಕಾದಹನ’ (1917) ಚಿತ್ರದಲ್ಲಿ ರಾಮ ಮತ್ತು ಸೀತೆ ಎರಡೂ ಪಾತ್ರಗಳು ಅವರವೇ. ನಟಿಯರು ಕ್ರಮೇಣ ತೆರೆಯ ಮೇಲೆ ಬಂದರೂ ಅವರ ಮುಖಕ್ಕೆ ಬಣ್ಣ ಹಚ್ಚುವ ಕೈ ಪುರುಷನದಾಗಿಯೇ ಉಳಿಯಿತು. ಕ್ಯಾಮೆರಾ ಮತ್ತು ಬೆಳಕಿಗೆ ಹೊಂದುವ ಬಣ್ಣವು ಹೊಸ ತಾಂತ್ರಿಕ ವಿದ್ಯೆಯಾಗಿತ್ತು. ಪೋಲೆಂಡಿನಲ್ಲಿ ಕೃತಕ ಕೇಶದ ಕಸುಬು ಕಲಿತು 1904ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಮ್ಯಾಕ್ಸ್ ಫ್ಯಾಕ್ಟರ್ 1914ರಲ್ಲಿ ಚಲನಚಿತ್ರಕ್ಕೆಂದೇ ತೆಳುವಾದ ಗ್ರೀಸ್ ಪೇಂಟ್ ತಯಾರಿಸಿದರು. 1930ರ ದಶಕದ ಕೊನೆಯಲ್ಲಿ ವರ್ಣಚಿತ್ರಗಳಿಗಾಗಿ ರೂಪುಗೊಂಡ ಅವರ ಸಂಸ್ಥೆಯ ‘ಪ್ಯಾನ್ ಕೇಕ್’ ಸಾಮಾನ್ಯ ಸ್ತ್ರೀಯರ ಬಳಕೆಗೂ ಬಂದಿತು. ನಮ್ಮ ಚಿತ್ರರಂಗದಲ್ಲಿ ಈ ವಿದ್ಯೆಯನ್ನು ಬಲ್ಲವನನ್ನು ‘ಮೇಕಪ್‌ಮ್ಯಾನ್’ ಎಂದು ಕರೆಯಲಾಯಿತು. ವೃತ್ತಿಯ ಹೆಸರಿನಲ್ಲಿಯೇ ಪುರುಷನಿದ್ದಾನೆ.

ಭಾಷೆಯಲ್ಲಿದ್ದ ಈ ವಿಭಜನೆ ಮುಂಬಯಿ ಚಿತ್ರರಂಗದಲ್ಲಿ ಕಟ್ಟಳೆಯ ರೂಪವನ್ನೂ ಪಡೆಯಿತು. ವಸ್ತ್ರ, ಪ್ರಸಾಧನ ಮತ್ತು ಕೇಶವಿನ್ಯಾಸದ ಕಾರ್ಮಿಕರ ಸಂಘವು ಮುಖಪ್ರಸಾಧನ ಪುರುಷರಿಗೆ, ಕೇಶವಿನ್ಯಾಸ ಸ್ತ್ರೀಯರಿಗೆ ಎಂದು ಕೆಲಸವನ್ನು ಹಂಚಿತ್ತು. 1950ರ ದಶಕದಿಂದ ನಡೆದುಬಂದ ಈ ಪದ್ಧತಿಯಂತೆ ಸ್ತ್ರೀಗೆ ಪ್ರಸಾಧಕಿಯಾಗಿ ಸದಸ್ಯತ್ವದ ಚೀಟಿ ದೊರೆಯುತ್ತಿರಲಿಲ್ಲ. ಚೀಟಿಯಿಲ್ಲದೆ ಚಿತ್ರೀಕರಣದ ಸ್ಥಳದಲ್ಲಿ ಕೆಲಸ ಮಾಡಿದರೆ ದಂಡ ತೆರಬೇಕಾಗುತ್ತಿತ್ತು. ಸ್ತ್ರೀಯರಿಗೆ ಅವಕಾಶ ಕೊಟ್ಟರೆ ಪುರುಷರ ಜೀವನೋಪಾಯ ಹೋಗುತ್ತದೆ ಎಂಬುದು ಇದಕ್ಕೆ ಕೊಡಲಾದ ಸಮರ್ಥನೆ. ಈ ಭಯವನ್ನು ಕೇವಲ ದುರುದ್ದೇಶವೆಂದು ತಳ್ಳಿಹಾಕುವುದು ಇತಿಹಾಸಕಾರನಿಗೆ ಶೋಭಿಸದು. ದಿನಗೂಲಿಯ ಅನಿಶ್ಚಿತತೆಯಲ್ಲಿ ಬದುಕುವ ಕಾರ್ಮಿಕನು ತನ್ನ ಕೆಲಸದ ಸುತ್ತ ಬೇಲಿ ಹಾಕಿಕೊಳ್ಳುವುದು ಹೊಸತೇನಲ್ಲ.

ಇದೇ ವೃತ್ತಿಯ ಬೇಲಿಯು ಪುರುಷರ ವಿರುದ್ಧವೇ ನಿಂತಿದ್ದ ಒಂದು ಪ್ರಸಂಗವನ್ನು ಇಲ್ಲಿ ಹೋಲಿಕೆಗಾಗಿ ನೆನೆಯಬಹುದು. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಸ್ತ್ರೀಯರ ಕೇಶವಿನ್ಯಾಸಕರಾಗಿ ದುಡಿಯುತ್ತಿದ್ದ ಪುರುಷರನ್ನು ಕ್ಷೌರಿಕರ ಮತ್ತು ಕೃತಕ ಕೇಶ ತಯಾರಕರ ವೃತ್ತಿಸಂಘವು ಅನಧಿಕೃತರೆಂದು ನ್ಯಾಯಾಲಯಕ್ಕೆಳೆಯಿತು. 1768–69ರ ಆ ವ್ಯಾಜ್ಯದಲ್ಲಿ ಕೇಶವಿನ್ಯಾಸಕರು ಮಂಡಿಸಿದ ವಾದ ಕುತೂಹಲಕರವಾದುದು: ತಮ್ಮದು ಕಸುಬಲ್ಲ, ಕವಿ ಮತ್ತು ಚಿತ್ರಕಾರರ ಕಲೆಗೆ ಸಮೀಪದ ಒಂದು ಕಲೆ; ಆದುದರಿಂದ ಸಂಘದ ಕಟ್ಟಳೆ ತಮಗೆ ಅನ್ವಯಿಸದು. 1777ರ ರಾಜಾಜ್ಞೆಯೊಂದು ಕೊನೆಗೆ ಅವರಲ್ಲಿ 600 ಜನರನ್ನು ಅದೇ ಸಂಘದೊಳಗೆ ಸೇರಿಸಿತು. ಅಂದು ಪುರುಷನು ಬೇಲಿಯನ್ನು ದಾಟಲು ‘ಕಲೆ’ ಎಂಬ ಪದವನ್ನು ಬಳಸಿದನು. ಮುಂಬಯಿಯಲ್ಲಿ ‘ಕಲಾವಿದ’ನೆಂಬ ಪದವೇ ಪುರುಷನ ಸುತ್ತ ಹಾಕಿದ ಬೇಲಿಯಾಯಿತು. ಎರಡು ಕಡೆಯೂ ಕೈಯ ಕೆಲಸ ಒಂದೇ.

ಮುಂಬಯಿಯ ಕಟ್ಟಳೆಯನ್ನು ಪ್ರಶ್ನಿಸಿದವರು, ಅಮೆರಿಕದಲ್ಲಿ ತರಬೇತಿ ಪಡೆದು ಬಂದು 2009ರಲ್ಲಿ ಸದಸ್ಯತ್ವ ಕೋರಿ ತಿರಸ್ಕೃತರಾದ ಚಾರು ಖುರಾನಾ. ಅವರೂ ಇತರ ಅರ್ಜಿದಾರರೂ ತಂದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿಗಳಾದ ದೀಪಕ್ ಮಿಶ್ರಾ ಮತ್ತು ಯು.ಯು. ಲಲಿತ್ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು 2014ರ ನವೆಂಬರ್ 10ರಂದು ತೀರ್ಪು ನೀಡಿತು. ಲಿಂಗದ ಆಧಾರದ ಈ ಹಂಚಿಕೆ ಸಂವಿಧಾನದ ಸಮಾನತೆ, ವೃತ್ತಿಸ್ವಾತಂತ್ರ್ಯ ಮತ್ತು ಜೀವನದ ಹಕ್ಕುಗಳಿಗೆ ವಿರುದ್ಧವೆಂದು ಘೋಷಿಸಿ ಆ ಉಪವಿಧಿಯನ್ನು ರದ್ದುಗೊಳಿಸಿತು; ಮಹಾರಾಷ್ಟ್ರದಲ್ಲಿ ಐದು ವರ್ಷ ವಾಸಿಸಿರಬೇಕೆಂಬ ಷರತ್ತೂ ಬಿದ್ದುಹೋಯಿತು. ಈ ತೀರ್ಪನ್ನು ಸ್ತ್ರೀಯರ ಗೆಲುವೆಂದು ಬಣ್ಣಿಸಿರುವುದು ಸರಿಯಾಗಿಯೇ ಇದೆ. ಆದರೆ ಹೆಚ್ಚಾಗಿ ಗಮನಕ್ಕೆ ಬಾರದಿರುವ ಇನ್ನೊಂದು ಮುಖ ಅದಕ್ಕಿದೆ. ರದ್ದಾದ ನಿಯಮದ ಅಕ್ಷರಾರ್ಥದಂತೆ ಪುರುಷನು ಕೇಶವಿನ್ಯಾಸಕನಾಗುವಂತಿರಲಿಲ್ಲ. ತಲೆತಲಾಂತರದಿಂದ ಕತ್ತರಿ ಹಿಡಿದ ಮನೆತನದ ಯುವಕನಿಗೂ ಚಿತ್ರೀಕರಣದ ಸ್ಥಳದಲ್ಲಿ ಕತ್ತರಿ ಹಿಡಿಯಲು ಆ ನಿಯಮ ಅಡ್ಡಿಯಾಗಿತ್ತು. ಗೋಡೆಗೆ ಎರಡು ಮೈಗಳಿರುತ್ತವೆ. ಅದು ಬಿದ್ದಾಗ ಎರಡು ಕಡೆಗೂ ದಾರಿಯಾಗುತ್ತದೆ.

ಹಾಗೆಂದು ಎರಡು ಕಡೆಯ ನಷ್ಟ ಸಮಾನವಾಗಿತ್ತೆಂದು ಹೇಳಲಾಗದು. ಮುಖಪ್ರಸಾಧನವನ್ನು ತಮ್ಮಲ್ಲಿಟ್ಟುಕೊಂಡ ಪುರುಷರಿಗೆ ಸಂಘಬಲವಿತ್ತು. ಹೊರಗಿದ್ದ ಸ್ತ್ರೀಯರಿಗೆ ಅದಿರಲಿಲ್ಲ. ಪುರುಷ ಪ್ರಸಾಧಕರ ಪ್ರತಿಭೆಯನ್ನು ಅಲ್ಲಗಳೆಯುವ ಉದ್ದೇಶವೂ ಇಲ್ಲಿಲ್ಲ. ಬಾಲಗಂಧರ್ವರ ಜೀವನವನ್ನು ಆಧರಿಸಿದ ಮರಾಠಿ ಚಿತ್ರದ ಕೆಲಸಕ್ಕೆ ವಿಕ್ರಮ್ ಗಾಯಕ್‌ವಾಡ್ ಅವರಿಗೆ 2011ನೆಯ ಸಾಲಿನ ರಾಷ್ಟ್ರಪ್ರಶಸ್ತಿ ದೊರೆಯಿತು. ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ ಅವಳು’ ಚಿತ್ರವು 2014ನೆಯ ಸಾಲಿನಲ್ಲಿ ಸಂಚಾರಿ ವಿಜಯ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯನ್ನು ತಂದುದರ ಜೊತೆಗೆ ಶ್ರೇಷ್ಠ ಪ್ರಸಾಧನದ ಪ್ರಶಸ್ತಿಯನ್ನೂ ಗಳಿಸಿತು. ರಂಗದ ಸ್ತ್ರೀವೇಷದಲ್ಲಿ ತೆರೆಯ ಮರೆಗೆ ಉಳಿದಿದ್ದ ಬಣ್ಣಗಾರನ ಕೆಲಸಕ್ಕೆ ಇಂತಹ ಚಿತ್ರಗಳ ಮೂಲಕ ಮನ್ನಣೆ ಸಂದಿತೆಂಬುದು ಅರ್ಥಪೂರ್ಣವಾಗಿದೆ.

ಈ ಪ್ರಶ್ನೆ ಇನ್ನೂ ಮುಗಿದಿಲ್ಲ. ಸ್ತ್ರೀಯರ ಸುರಕ್ಷತೆಯ ಕಾರಣ ಮುಂದಿಟ್ಟು ಉತ್ತರ ಪ್ರದೇಶದ ರಾಜ್ಯ ಮಹಿಳಾ ಆಯೋಗವು 2024ರಲ್ಲಿ, ಸ್ತ್ರೀಯರ ಉಡುಪಿನ ಅಳತೆಯನ್ನು ಸ್ತ್ರೀಯರೇ ತೆಗೆಯಬೇಕು, ಸಲೂನುಗಳಲ್ಲಿ ಸ್ತ್ರೀಯರಿಗೆ ಸ್ತ್ರೀಯರೇ ಸೇವೆ ಒದಗಿಸಬೇಕು ಎಂಬ ಪ್ರಸ್ತಾವವನ್ನು ಮಾಡಿತು. ಸುರಕ್ಷತೆಯ ಕಾಳಜಿ ನ್ಯಾಯವಾದುದು. ಆದರೆ ತನ್ನ ಕೇಶವನ್ನು ಯಾರ ಕೈಗೆ ಒಪ್ಪಿಸಬೇಕೆಂಬುದು ಆ ಸ್ತ್ರೀಯ ಆಯ್ಕೆಯಾಗುವುದಕ್ಕೂ ಅದನ್ನು ಆಕೆಯ ಪರವಾಗಿ ಬೇರೊಬ್ಬರು ಕಟ್ಟಳೆಯಾಗಿ ವಿಧಿಸುವುದಕ್ಕೂ ಬಹಳ ಅಂತರವಿದೆ. ವಿಧವೆಯ ಮುಂಡನವನ್ನು ವಿಧಿಸಿದ ಕಾಲದಲ್ಲಿಯೂ ಕೇಳದೆ ಉಳಿದದ್ದು ಆಕೆಯ ಇಚ್ಛೆಯನ್ನೇ.

ಒಟ್ಟಿನಲ್ಲಿ, ಪ್ರಸಾಧನವು ಸ್ವಭಾವತಃ ಸ್ತ್ರೀಯರದೂ ಅಲ್ಲ, ಪುರುಷರದೂ ಅಲ್ಲ. ಅದು ಸೇವೆಯೆನಿಸಿದಲ್ಲಿ ಕೆಳಜಾತಿಯ ಪುರುಷನಿಗೂ ಸ್ತ್ರೀಗೂ ಬಿದ್ದಿದೆ. ಕಲೆಯೆನಿಸಿ ಬೆಲೆ ಬಂದಲ್ಲಿ ಪುರುಷನು ಅದನ್ನು ತನ್ನದೆಂದಿದ್ದಾನೆ. ಈ ಚರಿತ್ರೆಯ ಆಕರಗಳು ಕಾವ್ಯ ಮತ್ತು ಶಾಸನಗಳಲ್ಲಿ ಮಾತ್ರ ಇಲ್ಲ. ಕಾರ್ಮಿಕ ಸಂಘಗಳ ಉಪವಿಧಿಗಳು, ನಾಟಕ ಕಂಪನಿಗಳ ಮತ್ತು ಮೇಳಗಳ ಲೆಕ್ಕಪತ್ರಗಳು, ಕ್ಷೌರಿಕ ಮನೆತನಗಳ ಹಿರಿಯರ ನೆನಪುಗಳು, ಹಳೆಯ ಚಿತ್ರಗಳ ಶೀರ್ಷಿಕೆಯಲ್ಲಿ ‘ಪ್ರಸಾಧನ’ ಎಂಬ ಪದದ ಮುಂದೆ ಕ್ಷಣಕಾಲ ಮಿನುಗಿ ಮಾಯವಾಗುವ ಹೆಸರುಗಳು ಇವೆಲ್ಲವೂ ಆಕರಗಳೇ. ಕರ್ನಾಟಕಕ್ಕೆ ಸಂಬಂಧಿಸಿದ ಇಂತಹ ಸಾಮಗ್ರಿಯನ್ನು ಸಂಗ್ರಹಿಸಿ ಪರಿಷ್ಕರಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಕೈಗೆತ್ತಿಕೊಳ್ಳಬೇಕಾಗಿದೆ. ಬಣ್ಣ ಹಚ್ಚಿದ ಮುಖಗಳ ಇತಿಹಾಸ ನಮ್ಮಲ್ಲಿ ಸಾಕಷ್ಟು ಬಂದಿದೆ. ಬಣ್ಣ ಹಚ್ಚಿದ ಕೈಗಳ ಇತಿಹಾಸ ಇನ್ನು ಬರೆಯಲ್ಪಡಬೇಕು.