ಕರುಳು ಕಳುಹಿದ ವಾಲೀಕಾರ

ಬೈಲಹೊಂಗಲದ ಪೇಟೆಯಲ್ಲಿ ಸಂಜೆಯ ಹೊತ್ತು ಯಾವುದಾದರೊಂದು ಔಷಧದ ಅಂಗಡಿಯ ಮುಂದೆ ಕಾಲು ಗಳಿಗೆ ನಿಂತು ನೋಡಿರಿ. ರುಮಾಲು ಸುತ್ತಿದ ಹಿರಿಯರೊಬ್ಬರು ಕಿಸೆಯಿಂದ ಗುಳಿಗೆ ತೀರಿದ ಖಾಲಿ ಪಟ್ಟಿಯನ್ನು ತೆಗೆದು, "ಇಂಥವs ಕೊಡ್ರೀ, ಸಕ್ರಿ ಬ್ಯಾನಿವು" ಎನ್ನುತ್ತಾರೆ. ಆ ಪಟ್ಟಿಯ ಮೇಲಿನ ಹೆಸರು ಹಲವು ಸಲ 'ಗ್ಲಿಪ್ಟಿನ್' ಎಂದು ಮುಗಿಯುತ್ತದೆ. ಹಣ ಎಣಿಸಿಕೊಟ್ಟ ಮೇಲೆ ಅವರು ಕೇಳುವ ಪ್ರಶ್ನೆಯೂ ಒಂದೇ: "ಉಂಡ ಮ್ಯಾಲೊ, ಉಣ್ಣೂಕಿಂತ ಮೊದಲೊ?" ಈ ಚಿಕ್ಕ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಶೋಧನೆಯ ಕಥೆಯಿದೆ.

ಮಧುಮೇಹವು ನಮಗೆ ಹೊಸದಲ್ಲ. ಹುಟ್ಟಿನಿಂದ ಬಂದದ್ದು ಒಂದು, ಅಪಥ್ಯದಿಂದ ಬಂದದ್ದು ಇನ್ನೊಂದು ಎಂದು ಸುಶ್ರುತನು ಇದರಲ್ಲಿ ಎರಡು ಬಗೆಗಳನ್ನು ಕಂಡಿದ್ದನು. ಮೊದಲಿನವನು ಕೃಶ, ಎರಡನೆಯವನು ಸ್ಥೂಲ. ಅಂದು ಅಷ್ಟು ಗುರುತಿಸಿದ್ದೇ ದೊಡ್ಡದು. ಮುಂದೆ 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದದ್ದು, ಮರುವರ್ಷ ಜನವರಿಯಲ್ಲಿ ಅದು ಒಬ್ಬ ಬಾಲಕನ ಪ್ರಾಣ ಉಳಿಸಿದ್ದು ಎಲ್ಲರೂ ಬಲ್ಲ ಸಂಗತಿ. ಆದರೆ ನಾನು ಹೇಳಹೊರಟ ಕಥೆ ಅದಕ್ಕಿಂತ ಮೊದಲೇ, ಕರುಳಿನಲ್ಲಿ ಆರಂಭವಾಯಿತು.

1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು, ನಾಯಿಯ ಸಣ್ಣ ಕರುಳಿನ ಒಂದು ತುಂಡಿಗೆ ಬರುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಸ್ವಲ್ಪ ಆಮ್ಲವನ್ನು ಬಿಟ್ಟರು. ನರವಿಲ್ಲದ ಮೇಲೆ ಸುದ್ದಿ ಹೋಗುವುದೆಂತು? ಆದರೂ ದೂರದ ಮೇದೋಜೀರಕ ಗ್ರಂಥಿಯು ರಸ ಸುರಿಸಿತು. ಹಾಗಾದರೆ ಸುದ್ದಿ ರಕ್ತದ ದಾರಿಯಲ್ಲಿ ಹೋಗಿರಬೇಕು! ಇಂಥ ಸುದ್ದಿಗಾರ ದ್ರವ್ಯಕ್ಕೆ ಸ್ಟಾರ್ಲಿಂಗ್ 1905ರಲ್ಲಿ 'ಹಾರ್ಮೋನು' ಎಂಬ ಹೆಸರನ್ನು ಬಳಕೆಗೆ ತಂದನು. ನಮ್ಮ ಭಾಗದ ಹಳ್ಳಿಯವರಿಗೆ ಇದನ್ನು ತಿಳಿಸುವುದು ಸುಲಭ. ಊರ ಅಗಸಿಯಲ್ಲಿ ಬೀಗರ ಬಂಡಿ ಕಂಡೊಡನೆ ವಾಲೀಕಾರನು ಓಡಿಹೋಗಿ ಮನೆಗೆ ಸುದ್ದಿ ಮುಟ್ಟಿಸುತ್ತಾನೆ. ಬಂಡಿ ಬಾಗಿಲಿಗೆ ಬರುವಷ್ಟರಲ್ಲಿ ಒಲೆಯ ಮೇಲೆ ಹಂಚು ಕಾದಿರುತ್ತದೆ. ಕರುಳು ಅಗಸಿ, ಹಾರ್ಮೋನು ವಾಲೀಕಾರ.

1906ರಲ್ಲಿಯೇ ಲಿವರ್‌ಪೂಲಿನ ಮೂರ್ ಮತ್ತು ಅವನ ಜೊತೆಗಾರರು ಸಣ್ಣ ಕರುಳಿನ ಒಳಪೊರೆಯ ರಸವನ್ನು ಮಧುಮೇಹಿಗಳಿಗೆ ಕುಡಿಸಿ ನೋಡಿದರು. ಫಲ ನಿಲ್ಲಲಿಲ್ಲ. 1932ರಲ್ಲಿ ಬೆಲ್ಜಿಯಮ್ಮಿನ ಲಾ ಬಾರ್ ಎಂಬವನು ಕರುಳಿನ ಈ ದ್ರವ್ಯಕ್ಕೆ 'ಇನ್‌ಕ್ರಿಟಿನ್' ಎಂದು ಹೆಸರಿಟ್ಟನು. ಹೆಸರಿಟ್ಟ ಕೂಸು ಬಹಳ ದಿನ ಬದುಕಲಿಲ್ಲವೆನ್ನಬೇಕು. 1940ರ ಸುಮಾರಿಗೆ ಅಮೆರಿಕದಲ್ಲಿ ನಾಯಿಗಳ ಮೇಲೆ ಪರೀಕ್ಷೆ ನಡೆಸಿದ ಪ್ರತಿಷ್ಠಿತ ವಿದ್ವಾಂಸರು, ಅಂಥ ದ್ರವ್ಯವೊಂದು ಇದೆಯೆಂಬುದೇ ಸಂಶಯವೆಂದು ಬರೆದುಬಿಟ್ಟರು. ಮುಂದೆ ಇಪ್ಪತ್ತು ವರ್ಷ ಆ ಹೊಲ ಬೀಳುಬಿದ್ದಿತು. ದೊಡ್ಡವರ ಒಂದು ಮಾತು ಎಷ್ಟು ಕಾಲ ಬಾಗಿಲು ಹಾಕಿಡಬಲ್ಲದು ಎಂಬುದಕ್ಕೆ ವಿಜ್ಞಾನದಲ್ಲಿಯೂ ಉದಾಹರಣೆ ಕಡಿಮೆಯಿಲ್ಲ.

ಬಾಗಿಲು ತೆರೆದದ್ದು ಅಳತೆಯ ಉಪಾಯದಿಂದ. ರಕ್ತದಲ್ಲಿರುವ ಇನ್ಸುಲಿನ್ನು ಅತ್ಯಲ್ಪ. ಅದನ್ನು ಅಳೆಯುವ ವಿಧಾನವನ್ನು ನ್ಯೂಯಾರ್ಕಿನ ರೊಸಾಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ 1960ರ ವೇಳೆಗೆ ಸಿದ್ಧಪಡಿಸಿದರು. 1964ರಲ್ಲಿ ಲಂಡನ್ನಿನ ಮೆಕಿಂಟೈರ್ ಮತ್ತು ಸಂಗಡಿಗರು ಅದನ್ನು ಹಿಡಿದು ಒಂದು ಸರಳ ಪರೀಕ್ಷೆ ಮಾಡಿದರು. ಗ್ಲೂಕೋಸನ್ನು ಒಮ್ಮೆ ನಳಿಗೆಯ ಮೂಲಕ ಕರುಳಿಗೆ ಬಿಟ್ಟರು, ಇನ್ನೊಮ್ಮೆ ಅದನ್ನೇ ನೇರವಾಗಿ ರಕ್ತನಾಳಕ್ಕೆ ಕೊಟ್ಟರು. ರಕ್ತನಾಳಕ್ಕೆ ಕೊಟ್ಟಾಗ ರಕ್ತದ ಸಕ್ಕರೆ ಹೆಚ್ಚು ಏರಿತು, ಇನ್ಸುಲಿನ್ ಮಾತ್ರ ಕಡಿಮೆ ಬಂದಿತು. ಕರುಳಿಗೆ ಬಿಟ್ಟಾಗ ಇನ್ಸುಲಿನ್ ಹೆಚ್ಚು ಹೊರಟಿತು. ಅಂದರೆ ಅಗಸಿಯನ್ನು ಬಿಟ್ಟು ಹಿತ್ತಿಲಿನಿಂದ ಬಂದ ಅತಿಥಿಯ ಸುದ್ದಿಯನ್ನು ಯಾರೂ ಮನೆಗೆ ಮುಟ್ಟಿಸಲಿಲ್ಲ! ಅಮೆರಿಕದಲ್ಲಿ ಎಲ್ರಿಕ್ ಎಂಬವರೂ ಅದೇ ವರ್ಷ ಅದನ್ನೇ ಕಂಡರು.

ಇನ್ನು ಆ ವಾಲೀಕಾರನನ್ನು ಹಿಡಿಯುವುದಷ್ಟೇ ಉಳಿಯಿತು. ಜಾನ್ ಬ್ರೌನ್ ಎಂಬವರು 1970ರ ದಶಕದ ಆರಂಭದಲ್ಲಿ ಜಿಐಪಿ ಎಂಬ ಮೊದಲನೆಯವನನ್ನು ಬೇರ್ಪಡಿಸಿದರು. ಎರಡನೆಯವನ ಹೆಸರು ಜಿಎಲ್‌ಪಿ-1. ಬೋಸ್ಟನ್ನಿನಲ್ಲಿ ಹೇಬನರ್ ಅವರ ಬಳಗ, ಅಲ್ಲಿಯೇ ಸ್ವೆತ್ಲಾನಾ ಮೊಯ್ಸೊವ್, ಡೆನ್ಮಾರ್ಕಿನಲ್ಲಿ ಹೋಲ್ಸ್ಟ್ ಇವರೆಲ್ಲರ ಶ್ರಮದಿಂದ 1987ರಲ್ಲಿ ಅವನ ಪ್ರಭಾವ ಖಚಿತವಾಯಿತು. ಇವನು ಇನ್ಸುಲಿನ್ ಹೊರಡಿಸುತ್ತಾನೆ. ಜಠರ ಬೇಗ ಬರಿದಾಗದಂತೆ ತಡೆಯುತ್ತಾನೆ. ಮೆದುಳಿಗೆ 'ಸಾಕು' ಎಂದು ಹೇಳುತ್ತಾನೆ. ಮೊಯ್ಸೊವ್ ಅವರ ಪಾಲನ್ನು ಲೋಕವು ಬಹಳ ವರ್ಷ ಮರೆತಿತ್ತು. 2024ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಮೂವರಿಗೆ ಹಂಚಿಬಂದಾಗ ಅವರ ಹೆಸರೂ ಅದರಲ್ಲಿದ್ದಿತು.

ಆದರೆ ಒಂದು ತೊಡಕು. ಈ ವಾಲೀಕಾರನ ಆಯುಷ್ಯ ಎರಡು ನಿಮಿಷದಷ್ಟು. ಡಿಪಿಪಿ-4 ಎಂಬ ಕಿಣ್ವವು ಅವನನ್ನು ದಾರಿಯಲ್ಲಿಯೇ ಕೊಂದುಹಾಕುತ್ತದೆ. ಉಪಾಯಗಳು ಎರಡು ಹೊಳೆದವು. ಒಂದು, ಕೊಲ್ಲುವವನ ಕೈ ಕಟ್ಟುವುದು. ಆ ಕೆಲಸದ ಗುಳಿಗೆಗಳೇ ಗ್ಲಿಪ್ಟಿನ್‌ಗಳು. ಮೊದಲನೆಯದಾದ ಸಿಟಾಗ್ಲಿಪ್ಟಿನ್‌ಗೆ ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ದೊರೆಯಿತು. ಎರಡು, ಕೊಂದರೂ ಬೇಗ ಸಾಯದ ವಾಲೀಕಾರನನ್ನು ಹುಡುಕುವುದು. ಅವನು ದೊರೆತದ್ದು ವಿಚಿತ್ರವಾದ ಜಾಗದಲ್ಲಿ. ಅಮೆರಿಕದ ಮರುಭೂಮಿಯಲ್ಲಿ ಗಿಲಾ ಎಂಬ ವಿಷದ ಹಲ್ಲಿಯುಂಟು. 1992ರಲ್ಲಿ ಜಾನ್ ಎಂಗ್ ಎಂಬ ವೈದ್ಯರು ಅದರ ವಿಷದಲ್ಲಿ ಜಿಎಲ್‌ಪಿ-1ನ್ನು ಹೋಲುವ, ಹೆಚ್ಚು ಹೊತ್ತು ಬಾಳುವ ದ್ರವ್ಯವನ್ನು ಕಂಡರು. 2005ರಲ್ಲಿ ಅದು ಎಕ್ಸೆನಟೈಡ್ ಎಂಬ ಸೂಜಿಮದ್ದಾಯಿತು. ಉಡಕ್ಕೆ ಹಗ್ಗ ಕಟ್ಟಿ ಕೋಟೆ ಏರಿದ ಘೋರ್ಪಡೆಯವರ ಕಥೆ ನಮ್ಮಲ್ಲಿದೆ. ಇದು ಹಲ್ಲಿಯ ಬಾಲ ಹಿಡಿದು ಏರಿದ ಇನ್ನೊಂದು ಕೋಟೆ. ಹಾಗೆಂದು ಯಾರೂ ನಮ್ಮ ಪಾಪದ ಉಡದ ಬೆನ್ನು ಹತ್ತಬಾರದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮುಂದೆ ಲಿರಾಗ್ಲುಟೈಡ್ ಬಂದಿತು, ದಿನಕ್ಕೊಂದು ಸೂಜಿ. 2017ರಲ್ಲಿ ಸೆಮಾಗ್ಲುಟೈಡ್, ವಾರಕ್ಕೊಂದು. 2022ರಲ್ಲಿ ಇಬ್ಬರು ವಾಲೀಕಾರರ ಕೆಲಸವನ್ನೂ ಒಬ್ಬನೇ ಮಾಡುವ ಟಿರ್ಜೆಪಟೈಡ್. 2021ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮಧುಮೇಹವಿಲ್ಲದ 1,961 ಜನರ ಪೈಕಿ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ನೂರಕ್ಕೆ 15ರಷ್ಟು ಇಳಿಯಿತು. ಇಲ್ಲಿಂದ ಈ ಮದ್ದಿನ ಸುತ್ತ ಜಾತ್ರೆ ನೆರೆಯಿತು. ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರನೆಯ ಎರಡು ಪಾಲು ಮರಳಿ ಬಂದಿತೆಂಬ ವರದಿಯನ್ನು ಓದಿದವರು ಕಡಿಮೆ. ಓಕರಿಕೆ, ವಾಂತಿಗಳೂ ಜೊತೆಗುಂಟು. ಕೊಬ್ಬಿನೊಂದಿಗೆ ಮಾಂಸಖಂಡವೂ ಕರಗುತ್ತದೆ.

ನಮ್ಮ ನಾಡಿಗೆ ಬರೋಣ. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ ಜೋಳದ ಸೀಮೆಯ ಬಹುಭಾಗ ನೀರಾವರಿಯಾಯಿತು. ಕಿತ್ತೂರಿನ ಮಗ್ಗುಲಲ್ಲಿ ಎಂ. ಕೆ. ಹುಬ್ಬಳ್ಳಿಯ ಸಕ್ಕರೆ ಕಾರಖಾನೆಯಿದೆ. ಎಲ್ಲಮ್ಮನ ಗುಡ್ಡದಲ್ಲಿ ಹೋಳಿಗೆ ಕಡಬು ಮಾಡಿ ಪಡ್ಡಲಗಿ ತುಂಬುವ ಮಂದಿ ನಾವು. ಸಿಹಿಯೊಂದಿಗೆ ನಮಗೆ ಜಗಳವಿಲ್ಲ. ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಮಿಕ್ಕಿದ್ದಾರೆಂದು ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದ ಸಮೀಕ್ಷೆಯು 2023ರಲ್ಲಿ ಹೇಳಿತು. ಆದರೆ ರಾಮದುರ್ಗದ ಮಗ್ಗದ ಮುಂದೆ ಕುಳಿತ, ಒಂದು ಹಿಡಿ ಮಾಂಸವಿಲ್ಲದ ನೇಕಾರನಿಗೂ ಸಕ್ಕರೆ ಬೇನೆ ಬರುವುದೇಕೆ? ಮೈಸೂರಿನ ಹೋಲ್ಡ್ಸ್‌ವರ್ತ್ ಮಿಶನ್ ಆಸ್ಪತ್ರೆಯಲ್ಲಿ 1934ರಿಂದ ಕೂಸುಗಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. ಹಾಗೆ ಹುಟ್ಟಿದ ಸುಮಾರು ಐನೂರು ಜನರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಗಿಡ್ಡಾಗಿ ಉದ್ದಕ್ಕೆ ಮೀರಿ ದುಂಡಗಿದ್ದವರಲ್ಲಿ ಬೇನೆ ಹೆಚ್ಚೆಂದು ಕಂಡಿತು. 1998ರಲ್ಲಿ ಪ್ರಕಟವಾದ ಈ ಶೋಧನೆ, ಕನ್ನಡಿಯೂ ತಕ್ಕಡಿಯೂ ಹೇಳದ ಸಂಗತಿಗಳು ಮೈಯಲ್ಲಿವೆಯೆಂದು ತೋರಿಸಿತು. ತೂಕ ಇಳಿಸುವ ಸೂಜಿ ಆ ನೇಕಾರನಿಗೆ ಏಕೆ ಬೇಕು?

ಬೇಕಾದವರಿಗಾದರೂ ಎಟುಕುವುದೆ? ಟಿರ್ಜೆಪಟೈಡ್ ನಮ್ಮ ದೇಶಕ್ಕೆ 2025ರ ಮಾರ್ಚಿನಲ್ಲಿ ಬಂದಾಗ ತಿಂಗಳ ವೆಚ್ಚ ಸಾವಿರಗಳಲ್ಲಿ ಎಣಿಸುವಷ್ಟಿತ್ತು. ಗ್ಲಿಪ್ಟಿನ್‌ನ ಮಾತು ಬೇರೆ. ಸಿಟಾಗ್ಲಿಪ್ಟಿನ್ ಮೇಲಿನ ಏಕಸ್ವಾಮ್ಯವು 2022ರಲ್ಲಿ ಮುಗಿಯಿತು. ಅದೇ ವರ್ಷ ಜನೌಷಧಿ ಅಂಗಡಿಗಳಲ್ಲಿ 50 ಮಿಲಿಗ್ರಾಮಿನ ಹತ್ತು ಗುಳಿಗೆಗಳನ್ನು 60 ರೂಪಾಯಿಗೆ ಮಾರತೊಡಗಿದರು. ಬೆಂಗಳೂರಿನ ಬಯೋಕಾನ್ ಕಾರಖಾನೆ 1978ರಲ್ಲಿ ಪಪ್ಪಾಯಿಯಿಂದ ಕಿಣ್ವ ತೆಗೆಯುವುದರಿಂದ ಆರಂಭವಾದದ್ದು. 2004ರಲ್ಲಿ ಅದು ಇನ್ಸುಲಿನ್ ಮಾರುಕಟ್ಟೆಗೆ ತಂದಿತು. 2024ರ ಮಾರ್ಚಿನಲ್ಲಿ ಅದರ ಲಿರಾಗ್ಲುಟೈಡಿಗೆ ಬ್ರಿಟನ್ನಿನ ಒಪ್ಪಿಗೆ ದೊರೆಯಿತು. ಬೇಲಿಸ್, ಸ್ಟಾರ್ಲಿಂಗರ ಊರಿಗೆ ಕನ್ನಡ ನಾಡಿನಿಂದ ಕರುಳಿನ ವಾಲೀಕಾರ ಹೊರಟನೆನ್ನಬಹುದು.

ಇರಲಿ, ಪೇಟೆಯ ಆ ಹಿರಿಯರು ಇನ್ನೂ ಅಂಗಡಿಯ ಮುಂದೆಯೇ ನಿಂತಿದ್ದಾರೆ. ಅವರ ಕೈಯಲ್ಲಿರುವುದು ಬರಿಯ ಗ್ಲಿಪ್ಟಿನ್ ಆಗಿದ್ದರೆ, ಉಂಡ ಮೇಲೂ ಆದೀತು, ಮೊದಲೂ ಆದೀತು. ಆ ಗುಳಿಗೆ ತಾನಾಗಿ ಸಕ್ಕರೆಯನ್ನು ಇಳಿಸುವುದಿಲ್ಲ. ವಾಲೀಕಾರನನ್ನು ಕಾಯುತ್ತದೆ ಅಷ್ಟೆ. ಊಟ ಕರುಳಿಗೆ ಇಳಿದಾಗ ಅವನು ಹೆಚ್ಚು ಸಂಖ್ಯೆಯಲ್ಲಿ ಹೊರಡುತ್ತಾನೆ. ಅದಕ್ಕೇ ಇದೊಂದನ್ನೇ ತೆಗೆದುಕೊಂಡವರಿಗೆ ಸಕ್ಕರೆ ತೀರ ಕುಸಿದು ಕಣ್ಣು ಕತ್ತಲೆ ಬರುವುದು ಅಪರೂಪ. ಜೊತೆಗೆ ಬೇರೆ ಗುಳಿಗೆ ಇದ್ದರೆ ಅದರ ಹೊತ್ತು ಬೇರೆ. ಆ ಪಟ್ಟಿಯನ್ನೂ ತೋರಿಸೆಂದು ಅಂಗಡಿಯವನು ಕೈ ಚಾಚುತ್ತಾನೆ.