ವಿದೇಶದಲ್ಲಿ ನೆಲೆಸಲು ಹೊರಟವರು ಯಾವ ದಾಖಲೆ ಉಳಿಸಬೇಕು? ಕಾಫಿ ನಾಡಿನ ಜೈನ ಕುಟುಂಬಗಳಿಗೆ ಮಾಹಿತಿ

ಅತ್ತಿಗುಂಡಿ, ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ತೋಟದ ಮನೆಗಳ ಮಕ್ಕಳು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕಾಯಂ ಆಗಿ ನೆಲೆಸುವುದು ಈಗ ಹೊಸ ಸಂಗತಿಯಲ್ಲ. ಹೊರಡುವ ವಾರದಲ್ಲಿ ಅಪ್ಪನ ಟ್ರಂಕ್ ತೆರೆದರೆ ಅದರಲ್ಲಿ ಎಲ್ಲವೂ ಇರುತ್ತದೆ: ಅಜ್ಜನ ಕಾಲದ ಕ್ರಯಪತ್ರ, ಮಾರ್ಕ್ಸ್ ಕಾರ್ಡು, ಜಾತಕ, ಬಸದಿಗೆ ಕೊಟ್ಟ ದೇಣಿಗೆಯ ರಸೀದಿ, ಕಾಫಿ ಮಂಡಳಿಯ ಹಳೆಯ ಚೀಟಿಗಳು. ಯಾವುದನ್ನು ಒಯ್ಯಬೇಕು, ಯಾವುದನ್ನು ಇಲ್ಲೇ ಬಿಡಬೇಕು, ಯಾವುದನ್ನು ಹರಿದು ಹಾಕಬಹುದು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಒಂದು ವಾರ ಸಾಲದು. ಆರು ತಿಂಗಳು ಮೊದಲೇ ಶುರು ಮಾಡಿ.

ಜೊತೆಗೆ ಒಯ್ಯಬೇಕಾದವು

ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗಿನ ಅಂಕಪಟ್ಟಿಗಳು, ಪದವಿ ಪ್ರಮಾಣಪತ್ರ, ವಿವಾಹ ನೋಂದಣಿ ಪತ್ರ, ಲಸಿಕೆಯ ದಾಖಲೆ, ಹಿಂದಿನ ಉದ್ಯೋಗದ ಅನುಭವ ಪತ್ರ. ಇವುಗಳ ಮೂಲಪ್ರತಿ ನಿಮ್ಮ ಕೈಚೀಲದಲ್ಲೇ ಇರಲಿ, ವಿಮಾನದ ಲಗೇಜಿನಲ್ಲಿ ಬೇಡ.

ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಮುಂಚೆ, ಆಮೇಲೆಯೂ ಎಷ್ಟೋ ವರ್ಷ, ತೋಟದ ಮನೆಗಳಲ್ಲೇ ಹೆರಿಗೆಯಾದ ಅನೇಕರ ಜನನ ನೋಂದಣಿಯಾಗಿಲ್ಲ. ಅಂಥ ತಂದೆತಾಯಿಯರನ್ನು ಮುಂದೆ ಕರೆಸಿಕೊಳ್ಳುವ ಯೋಚನೆಯಿದ್ದರೆ ಈಗಲೇ ತಡ ನೋಂದಣಿ ಮಾಡಿಸಿ. ಹುಟ್ಟಿ ಒಂದು ವರ್ಷ ದಾಟಿದ ಪ್ರಕರಣಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮಗ ಸಿಡ್ನಿಯಲ್ಲಿ ಕೂತು ಇದನ್ನು ಮಾಡಿಸುವುದು ಕಷ್ಟ.

ಬಸದಿಯಲ್ಲೋ ಛತ್ರದಲ್ಲೋ ನಡೆದ ಮದುವೆಗೆ ಫೋಟೋ ಆಲ್ಬಂ ಮಾತ್ರ ಇದ್ದರೆ ವೀಸಾ ಅಧಿಕಾರಿಗೆ ಸಾಲುವುದಿಲ್ಲ. ಜೈನರ ಮದುವೆ 1955ರ ಹಿಂದೂ ವಿವಾಹ ಕಾಯ್ದೆಯ ವ್ಯಾಪ್ತಿಗೇ ಬರುತ್ತದೆ. ಲಗ್ನಪತ್ರಿಕೆ ಮತ್ತು ಫೋಟೋ ಇಟ್ಟುಕೊಂಡು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಅಲ್ಲಿಯವರೆಗೆ ಲಗ್ನಪತ್ರಿಕೆಯನ್ನು ಎಸೆಯಬೇಡಿ.

ಇವುಗಳಿಗೆ ಅಪೋಸ್ಟಿಲ್ ಮುದ್ರೆ ಬೇಕಾಗಬಹುದು. ಭಾರತಕ್ಕೆ ಈ ಒಪ್ಪಂದ ಅನ್ವಯವಾದದ್ದು 2005ರಲ್ಲಿ, ಕೆನಡಾಕ್ಕೆ 2024ರ ಜನವರಿಯಲ್ಲಿ. ರಾಜ್ಯ ಮಟ್ಟದಲ್ಲಿ ದೃಢೀಕರಣವಾದ ಮೇಲೆ ವಿದೇಶಾಂಗ ಸಚಿವಾಲಯ ಮುದ್ರೆ ಹಾಕುತ್ತದೆ. ಒಪ್ಪಂದದಲ್ಲಿಲ್ಲದ ಯುಎಇಯಂಥ ದೇಶಕ್ಕೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಮಳೆಗಾಲದ ಬೂಷ್ಟಿಗೆ ಹೆದರಿ ನಮ್ಮಲ್ಲಿ ಅಂಕಪಟ್ಟಿಗಳನ್ನು ಲ್ಯಾಮಿನೇಟ್ ಮಾಡಿಸುವ ರೂಢಿಯಿದೆ. ದಯವಿಟ್ಟು ಮಾಡಿಸಬೇಡಿ, ಮುದ್ರೆ ಹಾಕಿಸುವಾಗ ತೊಂದರೆಯಾಗುತ್ತದೆ.

ಹೆಸರು, ಊರು, ಜಿಲ್ಲೆ

ಒಬ್ಬರೇ ವ್ಯಕ್ತಿ ಶಾಲೆಯಲ್ಲಿ ತಂದೆಯ ಇನಿಷಿಯಲ್ ಹೊತ್ತು, ಪಾಸ್‌ಪೋರ್ಟಿನಲ್ಲಿ 'ಜೈನ್' ಆಗಿ, ಪಹಣಿಯಲ್ಲಿ 'ಹೆಗ್ಗಡೆ' ಅಥವಾ 'ಶೆಟ್ಟಿ' ಆಗಿರುವುದು ನಮ್ಮಲ್ಲಿ ಸಾಮಾನ್ಯ. ಮೂರೂ ಒಬ್ಬರೇ ಎಂದು ಪ್ರಮಾಣಪತ್ರ ಅಂದರೆ ಅಫಿಡವಿಟ್ ಮಾಡಿಸಿ, ಅದರ ಮೂಲವನ್ನು ಪಾಸ್‌ಪೋರ್ಟಿನ ಜೊತೆಗಿಡಿ.

ಊರಿನ ಹೆಸರಿನದೂ ಇದೇ ಕಥೆ. 1947ರವರೆಗೆ ಈ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. 1973ರ ನವೆಂಬರ್‌ವರೆಗೆ ರಾಜ್ಯಕ್ಕೆ ಮೈಸೂರು ಎಂಬ ಹೆಸರಿತ್ತು. 2014ರಲ್ಲಿ ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತವೂ ಬದಲಾಯಿತು. ನರಸಿಂಹರಾಜಪುರ ಹಳೆಯ ಪತ್ರಗಳಲ್ಲಿ ಎಡೇಹಳ್ಳಿ. ಅಜ್ಜನ ಪತ್ರದಲ್ಲಿ ಕಡೂರು ಜಿಲ್ಲೆ, ಮೊಮ್ಮಗನ ಪಾಸ್‌ಪೋರ್ಟಿನಲ್ಲಿ ಚಿಕ್ಕಮಗಳೂರು ಎಂದಿದ್ದರೆ ಹೊರದೇಶದ ಗುಮಾಸ್ತನಿಗೆ ಅದು ಎರಡು ಊರು. ಎಸ್ಟೇಟಿನ ಹೆಸರೇ ವಿಳಾಸವಾಗಿದ್ದರೆ ಅದು ಯಾವ ಕಂದಾಯ ಗ್ರಾಮಕ್ಕೆ ಸೇರಿದ್ದು, ಸರ್ವೆ ನಂಬರ್ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಬರೆಯಬಲ್ಲ ಹಿರಿಯರು ಇರುವಾಗಲೇ ಬರೆಸಿಕೊಳ್ಳುವುದು ಒಳ್ಳೆಯದು.

ತೋಟದ ಪತ್ರಗಳು: ಇಲ್ಲೇ ಇರಲಿ, ಆದರೆ ಕಳೆಯದಿರಲಿ

ಹೆಚ್ಚು ಮನೆಗಳು ಎಡವುವುದು ಇಲ್ಲೇ. ವಿದೇಶಿ ವಿನಿಮಯ ನಿರ್ವಹಣೆ ಕಾಯ್ದೆ, ಅಂದರೆ ಫೆಮಾ ನಿಯಮದ ಪ್ರಕಾರ ಅನಿವಾಸಿ ಭಾರತೀಯರಾಗಲಿ ಒಸಿಐ ಕಾರ್ಡ್‌ ಹೊಂದಿದವರಾಗಲಿ ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಕಾಫಿ ತೋಟ ಪ್ಲಾಂಟೇಶನ್ನೇ. ಆದರೆ ಭಾರತದಲ್ಲಿ ವಾಸವಿದ್ದಾಗಲೇ ತಮ್ಮ ಹೆಸರಿಗೆ ಬಂದದ್ದನ್ನು ಉಳಿಸಿಕೊಳ್ಳಬಹುದು. ಇಲ್ಲಿ ವಾಸವಿದ್ದ ತಂದೆತಾಯಿಯಿಂದ ಉತ್ತರಾಧಿಕಾರವಾಗಿ ಬಂದದ್ದನ್ನು ಪಡೆಯಬಹುದು.

ಎರಡು ಮಾತು ಇದರಿಂದ ಸ್ಪಷ್ಟ. ಮಗಳು ಅಮೆರಿಕದಲ್ಲಿ ನೆಲೆಸಿದ ಮೇಲೆ ಅವಳ ಹೆಸರಿಗೆ ತೋಟದ ದಾನಪತ್ರ ಬರೆಯಲು ಹೊರಟರೆ ಅದು ನಿಲ್ಲುವುದಿಲ್ಲ. ಮರಣಶಾಸನ ಅಥವಾ ಸಹಜ ಉತ್ತರಾಧಿಕಾರದ ದಾರಿ ಬೇರೆ. ಇನ್ನೊಂದು, ಆಸ್ತಿ ಯಾವಾಗ, ಹೇಗೆ ಬಂತು ಎಂಬ ಪುರಾವೆಯ ಮೇಲೆಯೇ ಎಲ್ಲವೂ ನಿಂತಿದೆ. ಕ್ರಯಪತ್ರ ಅಥವಾ ವಿಭಾಗಪತ್ರದ ಮೂಲ, ಮ್ಯುಟೇಶನ್ ಪ್ರತಿ, ತಂದೆತಾಯಿಯ ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆಯ ಆದೇಶ, ಜೊತೆಗೆ ನೀವು ದೇಶ ಬಿಟ್ಟ ದಿನದ ಮುದ್ರೆ ಇರುವ ಹಳೆಯ ಪಾಸ್‌ಪೋರ್ಟ್, ಎಲ್ಲವೂ ಬೇಕು. ಪಹಣಿ ಆನ್‌ಲೈನಿನಲ್ಲಿ ಸಿಗುತ್ತದೆಂದು ಹಳೆಯ ಪತ್ರ ಎಸೆಯುವವರಿದ್ದಾರೆ. ಪಹಣಿ ಇಂದಿನ ಸ್ಥಿತಿ ಹೇಳುತ್ತದೆ. ಜಮೀನು ನಿಮಗೆ ಹೇಗೆ ಬಂತು ಎಂಬುದಕ್ಕೆ ಮೂಲಪತ್ರವೇ ಸಾಕ್ಷಿ.

1974ರ ಭೂಸುಧಾರಣಾ ತಿದ್ದುಪಡಿಯ ನಂತರದ ಭೂ ನ್ಯಾಯಮಂಡಳಿ ಆದೇಶಗಳನ್ನೂ ಉಳಿಸಿ. ಗದ್ದೆ ಕಳೆದುಕೊಂಡ ನೋವಿನ ಕಾಗದ ಎಂದು ಅದನ್ನು ಸುಟ್ಟ ಮನೆಗಳಿವೆ. ಉಳಿದದ್ದು ಎಷ್ಟು ಎಂಬುದಕ್ಕೆ ಆ ಆದೇಶವೇ ಸಾಕ್ಷಿ. ಕರಾವಳಿ ಮೂಲದ ಕುಟುಂಬಗಳಲ್ಲಿ ಅಳಿಯಸಂತಾನ ಕಟ್ಟಿನ ಪ್ರಕಾರ ತಾಯಿಯ ಕಡೆಯಿಂದ ಬಂದ ಪಾಲು ಇದ್ದರೆ ಆ ವಿಭಾಗಪತ್ರವೂ, ತಾಯಿಯ ಕಡೆಯ ವಂಶಾವಳಿಯೂ ಬೇಕು.

ಕಾಫಿ ಮಂಡಳಿಯ ನೋಂದಣಿ ಪತ್ರ ಇರಲಿ. 1990ರ ದಶಕದ ಮಧ್ಯದವರೆಗೆ ಕಾಫಿಯನ್ನು ಮಂಡಳಿಯ ಪೂಲ್‌ಗೇ ಕೊಡಬೇಕಿತ್ತು. ಆ ಕಾಲದ ರಸೀದಿಗಳು ಈಗ ನೆನಪಿಗಷ್ಟೆ. ಒಂದೆರಡು ಇಟ್ಟುಕೊಂಡು ಉಳಿದದ್ದನ್ನು ಬಿಡಬಹುದು. ಈಚಿನ ಮಾರಾಟದ ಬಿಲ್ಲುಗಳು ಹಾಗಲ್ಲ: ಭಾರತದಲ್ಲಿ ಕೃಷಿ ವರಮಾನಕ್ಕೆ ವಿನಾಯಿತಿಯಿದ್ದರೂ ನೀವು ವಾಸಿಸುವ ದೇಶ ಅದನ್ನು ತೆರಿಗೆಗೆ ಸೇರಿಸಬಹುದು.

ತೋಟ ನೋಡಿಕೊಳ್ಳಲು ತಮ್ಮನಿಗೋ ಭಾವನಿಗೋ ಅಧಿಕಾರಪತ್ರ ಕೊಡುವುದಿದ್ದರೆ ಹೊರಡುವ ಮೊದಲೇ ಇಲ್ಲಿ ನೋಂದಣಿ ಮಾಡಿಸಿ. ವಿದೇಶದಲ್ಲಿ ಬರೆದರೆ ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸದ ಮುಂದೆ ಸಹಿ ಹಾಕಬೇಕು, ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಹಳೆಯ ಪಾಸ್‌ಪೋರ್ಟ್

ಅವಧಿ ಮುಗಿದದ್ದೂ ಬೇಕು. ಬೇರೆ ದೇಶದ ಪೌರತ್ವ ಪಡೆದ ಕೂಡಲೇ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಪ್ರಮಾಣಪತ್ರ ಪಡೆಯಬೇಕು. ಮುಂದೆ ಮಕ್ಕಳಿಗೆ, ಮೊಮ್ಮಕ್ಕಳಿಗೆ ಒಸಿಐ ಮಾಡಿಸುವಾಗ ಭಾರತೀಯ ಮೂಲಕ್ಕೆ ಸಾಕ್ಷಿಯಾಗುವುದು ಆ ರದ್ದಾದ ಪಾಸ್‌ಪೋರ್ಟೇ.

ಜೈನರಿಗೆ ಕೇಂದ್ರದ ಅಲ್ಪಸಂಖ್ಯಾತ ಮಾನ್ಯತೆ ಬಂದದ್ದು 2014ರ ಜನವರಿಯಲ್ಲಿ. ಆ ಪ್ರಮಾಣಪತ್ರಕ್ಕೆ ಹೊರದೇಶದಲ್ಲಿ ಕೆಲಸವಿಲ್ಲ. ಇಲ್ಲಿ ಓದುವ ತಮ್ಮ ತಂಗಿಯರಿಗೆ ಬೇಕಾಗಬಹುದು, ಶಾಲೆಯ ವರ್ಗಾವಣೆ ಪತ್ರದ ಜೊತೆ ಮನೆಯಲ್ಲಿರಲಿ.

ನೋಂಪಿ ಪುಸ್ತಕ, ತಾಳೆಗರಿ, ದೇವರ ಕೋಣೆಯ ಬಿಂಬ

ಅಜ್ಜಿ ಕೈಯಲ್ಲಿ ಬರೆದ ನೋಂಪಿ ಕಥೆಯ ಪುಸ್ತಕವನ್ನು ಒಯ್ಯಬೇಕೆಂಬ ಆಸೆ ಸಹಜ. ಆದರೆ 1972ರ ಪ್ರಾಚ್ಯವಸ್ತು ಕಾಯ್ದೆ ಗಮನದಲ್ಲಿರಲಿ. 75 ವರ್ಷ ದಾಟಿದ, ಸಾಹಿತ್ಯಕ ಅಥವಾ ಐತಿಹಾಸಿಕ ಮೌಲ್ಯದ ಹಸ್ತಪ್ರತಿ ಮತ್ತು 100 ವರ್ಷ ದಾಟಿದ ಬಿಂಬ ಪ್ರಾಚ್ಯವಸ್ತು ಎನಿಸುತ್ತವೆ. ಖಾಸಗಿಯವರು ಅವನ್ನು ದೇಶದಿಂದ ಒಯ್ಯುವಂತಿಲ್ಲ. ಪಾರ್ಶ್ವನಾಥರ ಪುಟ್ಟ ಹಿತ್ತಾಳೆ ಬಿಂಬವಾದರೂ ಅಷ್ಟೆ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಪುರಾತತ್ವ ಇಲಾಖೆಯಿಂದ ಪ್ರಾಚ್ಯವಸ್ತು ಅಲ್ಲವೆಂಬ ಪತ್ರ ಪಡೆಯಿರಿ. ಪುಟಪುಟ ಫೋಟೋ ತೆಗೆದು ಪ್ರತಿಯನ್ನು ಒಯ್ಯಿರಿ, ಮೂಲವನ್ನು ಮನೆಯ ಹಿರಿಯರಿಗೋ ಮಠಕ್ಕೋ ಒಪ್ಪಿಸಿ. ಮೂಡುಬಿದಿರೆಯ ರಮಾರಾಣಿ ಶೋಧ ಸಂಸ್ಥಾನ, ಶ್ರವಣಬೆಳಗೊಳದ ಪ್ರಾಕೃತ ಸಂಶೋಧನಾ ಸಂಸ್ಥೆ ಇಂಥವುಗಳ ಬೆಲೆ ಬಲ್ಲವು. ಧವಲಾ ಗ್ರಂಥಗಳ ತಾಳೆಗರಿಗಳು ಉಳಿದದ್ದೂ ಮೂಡುಬಿದಿರೆಯಲ್ಲೇ.

ಪರಿಶೀಲನೆಗೆ ಒಂದು ದಿನ ಗೊತ್ತುಮಾಡಿಕೊಳ್ಳುವುದಾದರೆ ಶ್ರುತಪಂಚಮಿ ಒಳ್ಳೆಯದು. ಜ್ಯೇಷ್ಠ ಶುದ್ಧ ಪಂಚಮಿಗೆ ಹೇಗೂ ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ಬಟ್ಟೆಯಲ್ಲಿ ಸುತ್ತಿಡುತ್ತೇವೆ. ಗಿರಿಯ ಕಡೆ ಮಳೆ, ಮಂಜು ಹಿಡಿಯುವ ಮುಂಚಿನ ಹೊತ್ತು ಅದು. ಪತ್ರಗಳ ಟ್ರಂಕನ್ನೂ ಅಂದೇ ಬಿಸಿಲಿನ ಜಗಲಿಗೆ ತಂದು, ಯಾವ ಪತ್ರ ಯಾರ ಬಳಿ ಇದೆ ಎಂಬ ಪಟ್ಟಿಯನ್ನು ಎರಡು ಪ್ರತಿ ಬರೆಯಿರಿ: ಒಂದು ಹೊರಡುವವರಿಗೆ, ಒಂದು ಮನೆಯಲ್ಲಿ ಉಳಿಯುವವರಿಗೆ.