ಹಗೇವಿನ ಬಾಯಿ

ಗಾಳಿ ಎಳೆದು ಕವರಿನ ಬಾಯಿ ಅಂಟಿಸೋ ಮಿಷನ್ ಈಗ ನಮ್ಮ ಯಲ್ಲದಕೆರೆಗೂ ಬಂದಿದೆ. ನಮ್ಮ ಅತ್ತಿಗೆ ಒಂದು ತರಿಸಿಕೊಂಡಿದ್ದಾರೆ. ಬೆಂಗಳೂರಿನಲ್ಲಿರುವ ಮಗನಿಗೆ ರಾಗಿ ಹುರಿಹಿಟ್ಟು, ಕಡ್ಲೆಬೀಜ, ಚಟ್ನಿಪುಡಿ ಎಲ್ಲಾ ಅದರಲ್ಲೇ ಕಟ್ಟಿ ಕಳಿಸ್ತಾರೆ. ಮಿಷನ್ ಹೊಸದು, ಸರಿ. ಆದರೆ ಗಾಳಿ ಸೋಂಕದ ಹಾಗೆ ಕಾಳು ಇಡೋದು ನಮ್ಮ ಸೀಮೆಗೆ ಹೊಸದಲ್ಲ. ಹಿರಿಯೂರು, ಹೊಸದುರ್ಗದ ಕಡೆ ಐವತ್ತು ದಾಟಿದವರಿಗೆ ಹಗೇವು ಅಂದರೆ ಸಾಕು, ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಬರೀತಿದ್ದೀನಿ.

ಹಗೇವು ಅಂದರೆ ನೆಲದೊಳಗಿನ ಕಣಜ. ನೀರು ನಿಲ್ಲದ ಎತ್ತರದ ಜಾಗ, ಗಟ್ಟಿ ನೆಲ ನೋಡಿ ತೋಡುತ್ತಿದ್ದರು. ಬಾಯಿ ಒಬ್ಬ ಆಳು ಇಳಿಯುವಷ್ಟೇ ಕಿರಿದು, ಒಳಗೆ ಹೊಟ್ಟೆ ಅಗಲ, ದೊಡ್ಡ ಗುಡಾಣ ಹೂತಿಟ್ಟ ಹಾಗೆ. ತಳಕ್ಕೂ ಗೋಡೆಗೂ ಒಣಹುಲ್ಲು ಕೊಟ್ಟು ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ಮುಗೀತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಈ ಗುಂಡಿಗಳ ಬಗ್ಗೆ ಬರೆದಿದ್ದಾನೆ. (ಕನ್ನಡದಲ್ಲಿ ಹಗೆ ಅಂದರೆ ಈ ಗುಂಡಿಯೂ ಹೌದು, ಶತ್ರುವೂ ಹೌದು. ಎರಡಕ್ಕೂ ಸಂಬಂಧ ಇರಲಿ ಬಿಡಲಿ, ಮುಂದೆ ಓದಿದರೆ ಹೆಸರು ಒಪ್ಪುತ್ತೆ ಅನ್ನಿಸಬಹುದು.)

ಹಗೇವಿನಲ್ಲಿ ಗಾಳಿ ಎಳೆಯೋ ಪಂಪು ಎಲ್ಲಿತ್ತು? ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಜರ್ಮನಿಯ ಆಟೋ ಫಾನ್ ಗೆರಿಕೆ 1650ರ ದಶಕದಲ್ಲಿ ಎರಡು ಲೋಹದ ಅರೆಗೋಳ ಜೋಡಿಸಿ, ಒಳಗಿನ ಗಾಳಿ ತೆಗೆದು, ಕುದುರೆಗಳಿಂದ ಎಳೆಸಿದರೂ ಬಿಡಿಸೋಕೆ ಆಗದ್ದನ್ನು ತೋರಿಸಿದ. ಅತ್ತಿಗೆಯ ಮಿಷನ್ ಆ ವಂಶದ್ದು. ಹಗೇವಿನ ದಾರಿಯೇ ಬೇರೆ. ಮುಚ್ಚಿದ ಗುಂಡಿಯೊಳಗೆ ಕಾಳು ಸಣ್ಣಗೆ ಉಸಿರಾಡುತ್ತೆ, ಹುಳ ಇದ್ದರೆ ಅದೂ ಉಸಿರಾಡುತ್ತೆ. ಇದ್ದ ಆಮ್ಲಜನಕ ಅವೇ ತಿಂದು ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತೆ. ಹುಳ ತಾನು ಬಿಟ್ಟ ಉಸಿರಲ್ಲೇ ಸಾಯುತ್ತೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಗೆ ಆಫ್ರಿಕಾದ ಕ್ಯಾಮರೂನ್‌ನಲ್ಲಿ ಅಲಸಂದೆಗಾಗಿ ಮೂರು ಪದರದ ಚೀಲ ರೂಪಿಸಿದರು. ಅದೂ ಇದೇ ತತ್ವದ್ದು, ಪಂಪಿಲ್ಲ. ಅಲ್ಲಿ ಹುಳ ಯಾಕೆ ಸಾಯುತ್ತೆ ಅಂತ ಅವರು ಕಂಡುಕೊಂಡಿದ್ದು ವಿಚಿತ್ರವಾಗಿದೆ. ಒಣಕಾಳು ತಿನ್ನೋ ಹುಳ ಆಮ್ಲಜನಕ ಬಳಸಿ ಮೈಯೊಳಗೇ ನೀರು ಮಾಡಿಕೊಳ್ಳುತ್ತೆ. ಅದು ಸಿಗದಿದ್ದಾಗ ಬಾಯಾರಿ, ಒಣಗಿ ಸಾಯುತ್ತೆ.

ಈ ಸೀಮೆಗೆ ಇಷ್ಟು ಖಟಿಪಿಟಿ ಯಾಕೆ ಬೇಕಿತ್ತು ಅಂದರೆ ಮಳೆ. ಒಂದು ವರ್ಷ ಬಂದರೆ ಎರಡು ವರ್ಷ ಮುನಿಸು. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟೆ ಬಿದ್ದಿದ್ದು 1907ರ ಹೊತ್ತಿಗೆ. ಅದಕ್ಕೂ ಮುಂಚೆ ಧಾತು-ಈಶ್ವರ ಸಂವತ್ಸರಗಳ ಬರ, ಅಂದರೆ 1876-78ರದ್ದು, ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ಕಾಲದಲ್ಲಿ ಹಗೇವಿನಲ್ಲಿ ರಾಗಿ ಇದ್ದ ಮನೆ, ಇಲ್ಲದ ಮನೆ ಅಂತ ಊರು ಎರಡಾಗದೆ ಇರುತ್ತಾ? ಹಗೇವು ತೋಡಿಸೋಕೂ ತುಂಬಿಸೋಕೂ ಹೊಲ ಬೇಕಿತ್ತು. ಹಿಂದಿನವರು ಎಲ್ಲರೂ ಕಾಳು ಕೂಡಿಟ್ಟು ಸುಖವಾಗಿದ್ದರು ಅನ್ನೋ ಮಾತನ್ನು ನಾನಂತೂ ಒಪ್ಪಲ್ಲ.

ರಾಗಿಯ ಗುಣವೂ ಇಲ್ಲಿ ದೊಡ್ಡದು. ಕಾಳು ಸಣ್ಣದು, ಗಟ್ಟಿ, ಹುಳ ಸುಲಭಕ್ಕೆ ಮುಟ್ಟಲ್ಲ. ಹಿಟ್ಟಾದರೆ ಆ ಗುಣ ಹೋಯ್ತು. ಆದರೆ ಹಗೇವೂ ಕೆಡುತ್ತಿತ್ತು, ಕೆಡುತ್ತಿದ್ದ ಕಾರಣಗಳು ಈಗಿನ ಮಿಷನ್‌ದೇ ಕಾರಣಗಳು. ಮೊದಲನೇದು ತೇವ. ಸರಿಯಾಗಿ ಒಣಗದ ರಾಗಿ ತುಂಬಿದರೆ ಕಾವು ಹುಟ್ಟಿ ಮುಗ್ಗುತ್ತೆ. ಹುರಿಹಿಟ್ಟನ್ನೂ ಬಿಸಿಯಲ್ಲೇ ಕವರಿಗೆ ಹಾಕಿದರೆ ಒಳಗೆ ಬೆವರುತ್ತೆ, ಪೂರ್ತಿ ಆರಲಿ. ಇನ್ನೊಂದು ಬಾಯಿ. ಚಪ್ಪಡಿ ಸಂದಿನ ಮಣ್ಣು ಬಿರುಕುಬಿಟ್ಟರೆ ಮಳೆನೀರು, ಗಾಳಿ, ಹುಳ ಎಲ್ಲಾ ಅಲ್ಲಿಂದಲೇ. ಕವರಿನಲ್ಲಿ ಅಂಟೋ ಜಾಗಕ್ಕೆ ಚಟ್ನಿಪುಡಿಯೋ ಎಣ್ಣೆಯೋ ತಗಲಿದರೆ, ಇಲ್ಲಾ ಮಡಿಕೆ ಬಿದ್ದರೆ, ಮಾರನೇ ದಿನ ಕವರು ಸಡಿಲ. ಅದಕ್ಕೇ ಬಾಯಿಯನ್ನು ಹೊರಕ್ಕೆ ಮಡಚಿಕೊಂಡು ತುಂಬಬೇಕು, ನಾಲ್ಕು ಬೆರಳು ಜಾಗ ಖಾಲಿ ಬಿಡಬೇಕು, ಪುಡಿಯ ಮೇಲೆ ಒಂದು ಚೂರು ತೆಳುಬಟ್ಟೆ ಇಡಬೇಕು. ಇಲ್ಲದಿದ್ದರೆ ಮಿಷನ್ ಗಾಳಿ ಜೊತೆ ಪುಡಿಯನ್ನೂ ಎಳೆಯುತ್ತೆ. ಗಾಳಿನೇ ಎಳೀತಿಲ್ಲ ಅಂದರೆ ಮುಚ್ಚಳದ ರಬ್ಬರ್ ಪಟ್ಟಿ ಒರೆಸಿ ನೋಡಿ. ಇಂಥ ಮಿಷನ್‌ಗೆ ಒಳಮೈ ತರಿತರಿ ಇರೋ ಕವರೇ ಬೇಕು, ನುಣುಪಿನದರಲ್ಲಿ ಗಾಳಿ ಹೊರಡೋಕೆ ದಾರಿ ಇರಲ್ಲ. ಕವರು ಎಲ್ಲಿ ಸೋರುತ್ತೆ ಗೊತ್ತಾಗದಿದ್ದರೆ ನೀರಲ್ಲಿ ಮುಳುಗಿಸಿ ಹಿಸುಕಿ, ಗುಳ್ಳೆ ಹೇಳುತ್ತೆ. ಬೇಯಿಸಿದ ಪದಾರ್ಥ ಮಾತ್ರ ಗಾಳಿ ತೆಗೆದರೂ ಫ್ರಿಜ್ಜಿನಲ್ಲೇ ಇರಬೇಕು. ಗಾಳಿ ಇಲ್ಲದ ಕಡೆಯೇ ಬೆಳೆದು ವಿಷ ಕಾರೋ ಬ್ಯಾಕ್ಟೀರಿಯಾ ಇವೆ.

ಮಿಷನ್ನಿಗಿಲ್ಲದ ಒಂದು ಕೇಡು ಹಗೇವಿಗಿತ್ತು. ಹುಳವನ್ನು ಕೊಂದ ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತೆ. ಇಂಗಾಲದ ಡೈಆಕ್ಸೈಡ್ ಮಾಮೂಲಿ ಗಾಳಿಗಿಂತ ಭಾರ, ಬಾಯಿ ತೆಗೆದ ಮೇಲೂ ತಳದಲ್ಲೇ ಕೂತಿರುತ್ತೆ. ಇಳಿದವನು ಕೂಗೋ ಮುಂಚೆ ಕುಸಿಯುತ್ತಾನೆ, ಎತ್ತಲು ಇಳಿದ ಎರಡನೆಯವನೂ ಅಲ್ಲೇ. ಅದಕ್ಕೇ ಚಪ್ಪಡಿ ಸರಿಸಿ ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯೋ ಹಾಗಿಲ್ಲ. ದೀಪ ಉರಿದರೂ ಪೂರ್ತಿ ನಂಬೋ ಹಾಗಿಲ್ಲ ಅನ್ನೋದು ಈಗ ಗೊತ್ತಿರೋ ವಿಷಯ. ಬೆಂಕಿ ಉರಿಯುವಷ್ಟು ಆಮ್ಲಜನಕ ಇದ್ದ ಕಡೆಯೂ ಇಂಗಾಲದ ಡೈಆಕ್ಸೈಡ್ ತಲೆ ತಿರುಗಿಸುವಷ್ಟು ಇರಬಹುದು.

ಬೋರ್‌ವೆಲ್ಲು, ರೇಷನ್ ಅಕ್ಕಿ, ಪ್ಲಾಸ್ಟಿಕ್ ಚೀಲ ಬಂದ ಮೇಲೆ ಹಗೇವುಗಳನ್ನು ಕೇಳೋರಿಲ್ಲ. ಕೆಲವಕ್ಕೆ ಮಣ್ಣು ತುಂಬಿದರು, ಕೆಲವನ್ನು ಬರೀ ಚಪ್ಪಡಿ ಎಳೆದು ಮರೆತರು. ಹಳೇ ಊರಲ್ಲಿ ಮನೆ ಪಾಯ ತೆಗೆಸುವಾಗ ನೆಲ ಡಬ್ಬ್ ಅಂತ ಟೊಳ್ಳು ಸದ್ದು ಮಾಡಿದರೆ ಕೆಲಸ ನಿಲ್ಲಿಸಿ. ಚಪ್ಪಡಿ ಸಿಕ್ಕಿತು ಅಂತ ನಿಧಿಯಾಸೆಗೆ ಯಾರನ್ನೂ ಒಳಗೆ ಇಳಿಸಬೇಡಿ. ಮೇಲಿಂದಲೇ ಒಡೆಸಿ, ಮಣ್ಣು ತುಂಬಿಸಿ.